ಟವರ್ ಬಿದ್ದ ಮೂರು ದಿನ

ಜಾವಕ ಸಂಖ್ಯೆ: ಸ್ನೇ.ಸ./೧/೨೦೨೫
ಮೈಲೂರ, ಬೀದರ
೨೦ ಜನವರಿ ೨೦೨೫

ಭಾಲ್ಕಿಯಲ್ಲಿರುವ ಅನ್ವರಿ ಆಪಾ ಅವರಿಗೆ ನಾಗಸೇನನ ಸಲಾಂ.

ನನ್ನ ಫೋನು ಎತ್ತಬಾರದೆಂದು ನೀವು ನಿರ್ಧರಿಸಿದ ಮೇಲೆ ನನ್ನ ಪಾಲಿಗೆ ಉಳಿದದ್ದು ಅಂಚೆ ಇಲಾಖೆಯೊಂದೇ. ಮೇಲೆ ಜಾವಕ ಸಂಖ್ಯೆ ಕಂಡು ಬೇಸರಪಡಬೇಡಿ. ಇಪ್ಪತ್ತೆರಡು ವರ್ಷ ಕಾಲೇಜಿನ ಕಚೇರಿಯಲ್ಲಿ ಕೂತವನ ಕೈ ನಂಬರು ಹಾಕದೆ ಮುಂದಕ್ಕೆ ಸರಿಯುವುದಿಲ್ಲ. ನಮ್ಮ ಮದುವೆಯ ಕಾರ್ಡಿಗೂ ಹಾಕಿದ್ದೆನೆಂದು ನನ್ನ ಹೆಂಡತಿ ಕರುಣಾ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಸ್ನೇಹ ಸಮಿತಿಯ ವರದಿ ಒಪ್ಪಿಸುತ್ತಿದ್ದೇನೆ. ಹೊರಗಿನ ರಾಜ್ಯಗಳಿಂದ ನಮ್ಮ ಫಾರ್ಮಸಿ ಕಾಲೇಜಿಗೆ ಬಂದ ಮಕ್ಕಳನ್ನು ನೋಡಿಕೊಳ್ಳಲು ಹುಟ್ಟಿದ ಈ ಸಮಿತಿಯಲ್ಲಿ ಇದ್ದದ್ದೇ ನಾಲ್ಕು ಜನ: ಸಂಚಾಲಕ ನಾನು, ಹಾಸ್ಟೆಲಿನ ಮೇಟ್ರನ್ ನೀವು, ಅಡುಗೆಮನೆಯ ಜಿಜಾಬಾಯಿ, ಗೇಟಿನ ಲಾಲ ಅಹ್ಮದ. ಮಣಿಪುರ, ಕೇರಳ, ನೇಪಾಳ, ಲಡಾಖ, ಇಷ್ಟನ್ನೂ ಬೀದರಿನಲ್ಲಿ ಕೂತು ನಾಲ್ವರು ಸಂಭಾಳಿಸುತ್ತಿದ್ದೆವು. ಇಷ್ಟು ಕಡಿಮೆ ಸಿಬ್ಬಂದಿಯಲ್ಲಿ ಬಹಮನಿ ಸುಲ್ತಾನರೂ ರಾಜ್ಯ ನಡೆಸಿರಲಿಕ್ಕಿಲ್ಲ. ಈಗ ಮೂವರು. ಮೊನ್ನೆ ಸಭೆ ಸೇರಿತು. ಚಹಾ ಇತ್ತು. ನಿಮ್ಮ ಕುರ್ಚಿಯ ಮೇಲೆ ಲಾಲ ಅಹ್ಮದ ತನ್ನ ಟೊಪ್ಪಿ ಇಟ್ಟ, ಆಮೇಲೆ ಏನನಿಸಿತೋ, ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಸಭೆಯ ಮುಂದಿದ್ದ ವಿಷಯ ನಿಮ್ಮ ಕೆಂಪು ರಟ್ಟಿನ ಪುಸ್ತಕ. ಹೊಸ ಮಕ್ಕಳು ಬಂದ ವಾರವೇ ಒಬ್ಬೊಬ್ಬರ ತಾಯಿಗೂ ಫೋನು ಮಾಡಿ, ನಿಮ್ಮ ಮಗು ಮನೆ ನೆನೆಸಿ ಅತ್ತರೆ ಏನು ಮಾಡಿ ಉಣಿಸುತ್ತೀರಿ ಎಂದು ಕೇಳಿ ನೀವು ಬರೆದಿಟ್ಟಿರಲ್ಲ, ಅದು. ಅದರಲ್ಲಿ ಹದಿಮೂರು ವರ್ಷದ ಅಡುಗೆ ಇದೆ, ಎಲ್ಲವೂ ಉರ್ದುವಿನಲ್ಲಿ. ಉರ್ದು ಪೇಪರು ಓದುವ ಲಾಲ ಅಹ್ಮದನ ಮುಂದೆ ಹಿಡಿದೆವು. ಅವನು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಉರ್ದು ಅಲ್ರಿ ಸಾಹೇಬ್ರ, ಇರಿವಿ ಮಸಿ ಕುಡದು ಹಾಯ್ದು ಹೋಗ್ಯಾವ” ಅಂದ. ಇತ್ತ ಮೊದಲ ವರ್ಷದ ಲಿಂಥೋಯ್, ಆ ಮಣಿಪುರದ ಹುಡುಗಿ, ಒಂಬತ್ತು ದಿನದಿಂದ ಬಿಸ್ಕೀಟಿನ ಮೇಲಿದ್ದಾಳೆ. ಅವಳ ಪುಟದಲ್ಲಿ ಏನಿದೆ ಎಂದು ದಯವಿಟ್ಟು ತಿಳಿಸಿ.

ಡಿಸೆಂಬರಿನ ಸಂಗತಿ ನಾನು ಬರೆಯುವುದಿಲ್ಲ. ಲಡಾಖಿನಲ್ಲಿ ನಮ್ಮ ಹಾಸ್ಟೆಲಿನ ಡೋಲ್ಕರಳ ಅಪ್ಪ ತೀರಿಹೋದ ಸುದ್ದಿ ಅವಳಿಗೆ ಮೂರು ದಿನ ತಡವಾಗಿ ತಲುಪಿತು. ಅವಳು ಮನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಅವಳು ತಿರುಗಿ ಬರಲಿಲ್ಲ, ನೀವು ರಾಜೀನಾಮೆ ಬರೆದಿಟ್ಟು ತಮ್ಮನ ಮನೆಗೆ ಹೋದಿರಿ. ಇದರಲ್ಲಿ ಬರೆಯುವುದಕ್ಕೇನಿದೆ? ಜುಲೈ ಪರೀಕ್ಷೆಗೆ ಕೂರದಿದ್ದರೆ ಅವಳ ಹೆಸರು ಪಟ್ಟಿಯಿಂದ ಹೋಗುತ್ತದೆ. ನಾನು ಎರಡು ಸಲ ಫೋನು ಮಾಡಿದೆ. ಅವಳೂ ಎತ್ತುವುದಿಲ್ಲ.

ನಿಮ್ಮ ವಿಧೇಯ,
ನಾಗಸೇನ


ಭಾಲ್ಕಿ
೧೧ ಫೆಬ್ರುವರಿ ೨೦೨೫

ನಾಗಸೇನ ಸರ್ ಅವರಿಗೆ.

ಆಲೂಗಡ್ಡಿ ಸಿಪ್ಪಿ ಸಮೇತ ಕುದಿಸಬೇಕು. ಒಣಮೀನ ಕೆಂಡದ ಮ್ಯಾಲ ಸುಡಬೇಕು. ಕೆಂಪು ಮೆಣಸಿನಕಾಯಿ ಆಲೂಗಡ್ಡಿ ಜೋಡೀನೇ ಕುದೀಲಿ. ಎಲ್ಲಾ ಕೂಡಿಸಿ ಕೈಲೇ ಹಿಚುಕಬೇಕು, ಮಿಕ್ಸರಿಗೆ ಹಾಕಬಾರದು. ಮ್ಯಾಲ ಉಳ್ಳಾಗಡ್ಡಿ ಎಲಿ, ಕೊತ್ತಂಬರಿ. ಎಣ್ಣಿ ಇಲ್ಲ. ಜಿಜಾಬಾಯಿ ಒಗ್ಗರಣಿ ಹಾಕಲಾಕ ಬರ್ತಾಳ, ಕೈ ಹಿಡೀರಿ.

ಅನ್ವರಿ ಬೇಗಂ


ಜಾವಕ ಸಂಖ್ಯೆ: ಸ್ನೇ.ಸ./೨/೨೦೨೫
ಮೈಲೂರ, ಬೀದರ
೧೮ ಮಾರ್ಚ್ ೨೦೨೫

ಆಪಾ ಅವರಿಗೆ ಸಲಾಂ.

ನಿಮ್ಮ ಕೃಪಾಪತ್ರ ತಲುಪಿತು. ಖೈರಿಯತ್ ಕೇಳದೆ ನೇರ ಆಲೂಗಡ್ಡೆಯಿಂದ ಶುರುವಾದ ಪತ್ರ ನನ್ನ ಆಯುಷ್ಯದಲ್ಲಿ ಇದು ಮೊದಲನೆಯದು. ಕಡತಕ್ಕೆ ಸೇರಿಸಿದ್ದೇನೆ.

ಕಾರ್ಯಾಚರಣೆಯ ವರದಿ ಹೀಗಿದೆ. ಒಣಮೀನು ಸುಟ್ಟ ವಾಸನೆಗೆ ಹಾಸ್ಟೆಲಿನ ಎರಡು ಮಹಡಿ ಖಾಲಿಯಾದವು. ಒಗ್ಗರಣೆ ಇಲ್ಲದ ಪಲ್ಯ ಮನುಷ್ಯರು ತಿನ್ನುವಂಥದ್ದಲ್ಲ ಎಂಬ ಬಗ್ಗೆ ಜಿಜಾಬಾಯಿ ಕಮಲನಗರದ ಮರಾಠಿಯಲ್ಲಿ ಅರ್ಧ ತಾಸು ಭಾಷಣ ಮಾಡಿದಳು. ಕೈ ಹಿಡಿಯಿರಿ ಎಂದು ನೀವು ಬರೆದಿದ್ದರಿಂದ ನಾನು ಅಕ್ಷರಶಃ ಹಿಡಿದೆ. ಆಕೆ, “ಹಿಡಕೊಂಡ ನಿಂದರ್ರಿ ಸಾಹೇಬ್ರ, ನಮ್ಮ ಮನ್ಯಾಗಿನವ್ರು ಲಗ್ನದಾಗ ಹಿಡದಿದ್ದೇ ಕಡಿ” ಅಂದಳು. ಲಿಂಥೋಯ್ ಒಂದು ತುತ್ತು ತಿಂದು, ಅಮ್ಮನದರ ಹತ್ತಿರ ಬಂದಿದೆ ಎಂದಳು. ಆಮೇಲೆ ಅನ್ನ ಕೇಳಿದಳು. ಸಮಿತಿ ಇದನ್ನು ಯಶಸ್ಸೆಂದು ದಾಖಲಿಸಿದೆ.

ಇನ್ನೊಂದು ಯಶಸ್ಸೂ ಇದೆ. ಫಲಿತಾಂಶ ಬಂತು. ಡೋಲ್ಕರ್ ಎಲ್ಲ ವಿಷಯಗಳಲ್ಲೂ ಪಾಸು. ಆ ಮೂರು ದಿನ ಬರೆದ ಮೂರು ಪೇಪರುಗಳಲ್ಲಿ ಒಂದರಲ್ಲಿ ತರಗತಿಗೇ ಮೊದಲು. ನೋಟೀಸ್ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಖುಷಿಯಾಗಬೇಕೆಂದು ಕಾದೆ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿರುತ್ತಾರಲ್ಲ, ಒತ್ತಿದ್ದು ತಿಳಿಯುತ್ತದೆ, ಬೇರೇನೂ ತಿಳಿಯುವುದಿಲ್ಲ. ಹಾಗಿತ್ತು.

ಪ್ರಿನ್ಸಿಪಾಲರು ಡಿಸೆಂಬರಿನ ಬಗ್ಗೆ ಲಿಖಿತ ವರದಿ ಕೇಳಿದ್ದರು, ಕೊಟ್ಟೆ. ಅದರಲ್ಲೊಂದು ಸಾಲಿದೆ: ‘ಸುದ್ದಿ ತಿಳಿಸುವಲ್ಲಿ ಮೇಟ್ರನ್ ಅವರಿಂದ ವಿಳಂಬವಾಗಿದೆ.’ ಆ ಸಾಲು ಹೇಗೆ ಬಂತೋ ಗೊತ್ತಿಲ್ಲ. ಕಚೇರಿಯ ಭಾಷೆಗೆ ಒಂದು ವೇಗ ಇರುತ್ತದೆ, ಹಿಡಿಯಲಾಗುವುದಿಲ್ಲ. ನೀವು ತಿರುಗಿ ಬಂದರೆ ಎಲ್ಲವನ್ನೂ ಮೌಖಿಕವಾಗಿ ಸರಿಪಡಿಸಬಹುದು. ಮೇಟ್ರನ್ ಹುದ್ದೆ ಇನ್ನೂ ಖಾಲಿ ಇದೆ.

ನಿಮ್ಮ ವಿಧೇಯ,
ನಾಗಸೇನ


ಭಾಲ್ಕಿ
೯ ಏಪ್ರಿಲ್ ೨೦೨೫

ನಾಗಸೇನ ಸರ್ ಅವರಿಗೆ.

ಈದ್ ಆತು. ತಮ್ಮ ಸಲಾವೋದ್ದೀನನ ಹೆಂಡ್ತಿ ವಹೀದಾ ಶೀರ್ ಖುರ್ಮಾ ಮಾಡಿದ್ಳು. ಹ್ಯಾಂಗ ಆಗ್ಯಾದ ಆಪಾ ಅಂದ್ಳು. ಚಲೋ ಆಗ್ಯಾದ ಅಂದೆ. ಖರೇ ಹೇಳಬೇಕಂದ್ರ ನನಗ ಸಕ್ಕರಿನೂ ಗೊತ್ತಾಗಲಿಲ್ಲ. ಡಿಸೆಂಬರಿನಿಂದ ಹಿಂಗೇ ಅದ. ಉಪ್ಪೂ ತಿಳೀವಲ್ದು. ಡಾಕ್ಟರ್ ನಾಲಿಗಿ ನೋಡಿ ಏನೂ ಆಗಿಲ್ಲ ಅಂದ. ಇಲ್ಲಿ ನಾ ಒಲಿ ಮುಂದ ಹೋಗೂದಿಲ್ಲ.

ಸುದ್ದಿ ತಡ ಆಗಿ ತಲುಪಿತು ಅಂತ ಬರದೀರಿ. ಸುದ್ದಿಗೆ ಕಾಲು ಇರೂದಿಲ್ರಿ ಸರ್. ಸೋಮವಾರ ಮಧ್ಯಾಹ್ನ ಆಫೀಸಿನ ಫೋನಿಗೆ ಬಂತು. ಪರೀಕ್ಷಾ ವಾರದಾಗ ಹುಡುಗಿಯರ ಫೋನು ನನ್ನ ಟ್ರಂಕಿನಾಗ ಇರ್ತಾವ, ಅದಕ್ಕೇ ಆಕಿ ಕಾಕಾ ನಿಮಗ ಫೋನ್ ಹಚ್ಚಿದ್ರು. ನೀವು ನನ್ನ ಕರೆಸಿ, “ಪೇಪರ್ ಮುಗೀಲಿ ಆಪಾ, ಗುರುವಾರ ನಾನೇ ಹೇಳ್ತೇನಿ, ಅಲ್ಲೀತನಕ ನೀವು ಸಂಭಾಳಸ್ರಿ” ಅಂದ್ರಿ. ನಾ ಹೂಂ ಅಂದೆ. ಇದು ನಿಮ್ಮ ವರದ್ಯಾಗ ಇಲ್ಲ. ಇಲ್ಲದಿದ್ರ ಬಿಡ್ರಿ, ನಾ ಅದಕ್ಕ ಜಗಳಾಡಲಾಕ ಬರದಿಲ್ಲ.

ಸಂಜಿಗೆ ಆಕಿ ಮನಿಗೆ ಮಾತಾಡಲಾಕ ಫೋನ್ ಕೇಳಲಾಕ ಬಂದ್ಳು. ಟವರ್ ಬಿದ್ದದ ಬೇಟಿ ಅಂದೆ. ಮೂರೂ ದಿನ ಟವರ್ ಬಿದ್ದಿತ್ತು. ಸುಳ್ಳು ನೀವು ಹೇಳ್ಸಿದ್ರಿ. ಆದ್ರ ಆಕಿ ಊರಿನ ಊಟ ಸ್ಕ್ಯೂ ಮಾಡ್ರಿ ಅಂತ ನೀವು ಹೇಳಿದ್ದಿಲ್ಲ. ಅದು ನಂದೇ ಬುದ್ಧಿ. ಆಕಿ ಮಾರಿ ನೋಡಲಾಕ ಆಗಲಿಲ್ಲ, ಅದಕ್ಕ ಪುಸ್ತಕದಾಗ ಆಕಿ ಹಾಳಿ ತಗದೆ. ಗೋಧಿ ಹಿಟ್ಟಿನ ಉಂಡಿ ಹೆಬ್ಬೆರಳಿಲೆ ಒತ್ತಿ ಗಜ್ಜರಿ, ಆಲೂಗಡ್ಡಿ ಜೋಡಿ ಕುದಿಸೂದು. ನಮ್ಮ ವರಣಫಳ ಇದ್ದಂಗ ಅದ ಅಂತ ಜಿಜಾಬಾಯಿ ಅಂತಿದ್ಳಲ್ಲ, ಅದೇ. ಡೋಲ್ಕರ್ ಓದೂದು ಬಿಟ್ಟು ಒತ್ತಲಾಕ ಬಂದ್ಳು. ಅಪ್ಪಂದು ಹೆಬ್ಬೆರಳು ದೊಡ್ಡದು, ಅವರು ಒತ್ತಿದ್ರ ಆನಿ ಕಿವಿ ಆಗ್ತಾವ ಅಂತ ಮಾಡಿ ತೋರ್ಸಿ ನಕ್ಕಳು. ಜಿಜಾಬಾಯಿಗೆ ಏನೂ ಗೊತ್ತಿದ್ದಿಲ್ಲ, ಆಕಿನೂ ನಕ್ಕಳು.

ಮೂರು ದಿನ ನಾ ಆಕಿಗೆ ಅವರ ಮನಿ ಊಟ ಉಣಿಸೇನಿ. ಆ ಮನ್ಯಾಗ ಹೆಣ ಇತ್ತು.

ಒಂದೇ ಕೇಳ್ತೇನಿ. ಕಾಕಾ ಕಳಸ್ರಿ ಅಂದಿದ್ರು ಅಂತ ಆಮ್ಯಾಲ ನನಗ ಗೊತ್ತಾತು. ನೀವು ಯಾಕ ಕಳಸಲಿಲ್ಲ? ಪೇಪರ್ ಅಂತ ಹೇಳಬ್ಯಾಡ್ರಿ. ಪೇಪರಿಗೆ ಅಷ್ಟು ಹೆದರೂ ಮನುಷ್ಯಾ ಅಲ್ಲ ನೀವು.

ಅನ್ವರಿ ಬೇಗಂ


ಔರಾದ
೨೧ ಏಪ್ರಿಲ್ ೨೦೨೫

ಆಪಾ,

ಏಪ್ರಿಲ್ ಹದಿನಾಲ್ಕರ ಜಯಂತಿಗೆಂದು ಊರಿಗೆ ಬಂದವನು ಇನ್ನೂ ಇಲ್ಲೇ ಇದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ ಬರೆಯಲು ಒಂದು ವಾರ ಹಿಡಿಯಿತು.

ಡೋಲ್ಕರಳ ಚಿಕ್ಕಪ್ಪ ಹಿಂದಿಯಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು. ಲಾಮಾ ದಿನ ನೋಡಿದ್ದಾರೆ, ಶುಕ್ರವಾರದವರೆಗೆ ಮನೆಯಲ್ಲೇ ಇಟ್ಟುಕೊಂಡು ಪೂಜೆ ನಡೆಸುತ್ತೇವೆ, ಮಗಳನ್ನು ಕಳಿಸಿ. ನನಗೆ ಅದು ಕೇಳಿಸಿತು, ತಲೆಗೆ ಹೋಗಲಿಲ್ಲ. ಐದು ದಿನ ಯಾರು ಇಡುತ್ತಾರೆ? ನಮ್ಮಲ್ಲಿ ಸಂಜೆಯಾಗುವುದರೊಳಗೆ ಎತ್ತುತ್ತಾರೆ. ದುಃಖದಲ್ಲಿದ್ದವರು ಏನೋ ಅನ್ನುತ್ತಾರೆ, ಹೇಗಿದ್ದರೂ ಹುಡುಗಿಗೆ ಮುಖ ಸಿಗುವುದಿಲ್ಲ ಎಂದುಕೊಂಡೆ. ಅವಳೂ ಬೌದ್ಧಳು, ನಾನೂ ಬೌದ್ಧ, ನನಗೆ ತಿಳಿಯದ್ದು ಏನಿರುತ್ತದೆ? ಮೊದಲ ವರ್ಷ ಬುದ್ಧ ಪೂರ್ಣಿಮೆಗೆ ಅವಳನ್ನು ವಿಹಾರಕ್ಕೆ ಕರೆದುಕೊಂಡು ಹೋಗಿ ಅವಳ ಧರ್ಮವನ್ನು ಅವಳಿಗೇ ಒಂದು ತಾಸು ವಿವರಿಸಿದ ಗಿರಾಕಿ ನಾನು. ಪಾಪ, ಕೊನೆಗೆ ಥ್ಯಾಂಕ್ಯೂ ಸರ್ ಅಂದಿದ್ದಳು. ಗುರುವಾರ ಸಂಜೆ ಹೇಳಿದೆ. ಶನಿವಾರ ಲೇಹ್ ಮುಟ್ಟಿದಳು. ಅವರು ಶುಕ್ರವಾರ ಸಂಜೆಯವರೆಗೂ ದಾರಿ ನೋಡಿದರಂತೆ.

ಇದು ಅರ್ಧ ಉತ್ತರ. ಇನ್ನರ್ಧ ನನ್ನಪ್ಪ ಪಂಢರಿಯದು. ನಾನು ಬೀದರಿನಲ್ಲಿ ಪಿಯುಸಿ ಪರೀಕ್ಷೆ ಬರೆಯುತ್ತಿದ್ದಾಗ, ಅಪ್ಪನಿಗೆ ಆರಾಮಿಲ್ಲ, ಬಾ ಎಂದು ಊರಿನಿಂದ ಹೇಳಿ ಕಳಿಸಿದರು. ಪೇಪರ್ ಮುಗಿಸಿ ಬಸ್ಸು ಹತ್ತಿದೆ. ಆಗ ಔರಾದಕ್ಕೆ ಎರಡು ತಾಸು. ಸಂತಪುರದಲ್ಲಿ ಬಸ್ಸು ನಿಂತಾಗ ಅಪ್ಪನಿಗೆಂದು ಪೇರಲ ಹಣ್ಣು ಕೊಂಡೆ, ಮೆತ್ತಗಿನದು ಹುಡುಕಿ ಬೇರೆ ಇಟ್ಟೆ, ಅವನ ಹಲ್ಲಿಗೆ ಆಗಬೇಕಲ್ಲ. ಮನೆಗೆ ಹೋದರೆ ಅಂಗಳದ ತುಂಬ ಜನ. ಆ ಸುಳ್ಳಿಗೆ ನಾನು ಎಂದೂ ಸಿಟ್ಟಾಗಿಲ್ಲ ಆಪಾ. ಆ ಎರಡು ತಾಸು ನನ್ನಪ್ಪ ಜೀವಂತ ಇದ್ದ. ಡೋಲ್ಕರಳಿಗೆ ನಾನು ಮೂರು ದಿನ ಕೊಟ್ಟೆ ಎಂದುಕೊಂಡಿದ್ದೆ.

ಈ ವಾರ ಇದನ್ನೆಲ್ಲ ಅವ್ವನ ಮುಂದೆ ಹೇಳಿದೆ. ನನ್ನವ್ವ ಶಾಲುಬಾಯಿಯನ್ನು ನೀವು ನೋಡಿದ್ದೀರಿ, ಮಾತಿನಲ್ಲಿ ಸಕ್ಕರೆ ಹಾಕುವವಳಲ್ಲ. ತೊಗರಿ ಕೇರುತ್ತ ಕೂತಿದ್ದಳು, ಮೊರ ನಿಲ್ಲಿಸಲಿಲ್ಲ.

“ನಿನಗ ಎರಡು ತಾಸು ನಿಮ್ಮಪ್ಪ ಇದ್ದ, ಬರೋಬರ್. ಆ ಎರಡು ತಾಸು ನಾ ಒಬ್ಬಾಕಿ ಕುಂತಿದ್ದೆ. ನನ್ನ ಜೋಡಿ ಅಳಲಾಕ ನೀ ಇದ್ದಿಲ್ಲ. ಆ ಪೋರಿ ಅವ್ವ ಮೂರು ದಿನ ಕುಂತಾಳ.”

ಅಷ್ಟೇ ಹೇಳಿ ಮೊರ ತೆಗೆದುಕೊಂಡು ಒಳಗೆ ಹೋದಳು. ಆ ಎರಡು ತಾಸನ್ನು ನಾನು ಬಸ್ಸಿನೊಳಗಿನಿಂದಲೇ ನೋಡಿದ್ದೆ, ಇಪ್ಪತ್ತೇಳು ವರ್ಷ. ಅಂಗಳದಿಂದ ನೋಡಿರಲಿಲ್ಲ.

ಪ್ರಿನ್ಸಿಪಾಲರಿಗೆ ಬೇರೆ ವರದಿ ಬರೆದಿದ್ದೇನೆ. ಅದರಲ್ಲಿ ಯಾವ ಕೆಲಸವೂ ತಾನಾಗಿ ಆಗಿಲ್ಲ. ಎಲ್ಲವನ್ನೂ ನಾನು ಮಾಡಿದ್ದೇನೆ. ಡೋಲ್ಕರಳಿಗೆ ಬರೆದದ್ದರ ನಕಲು ಇದರ ಜೊತೆ ಇದೆ.

ನಾಗಸೇನ


(ನಕಲು)
ಔರಾದ
೨೧ ಏಪ್ರಿಲ್ ೨೦೨೫

ಡೋಲ್ಕರ್,

ಸೋಮವಾರ ನಿನ್ನ ಚಿಕ್ಕಪ್ಪನ ಫೋನು ಎತ್ತಿದ್ದು ನಾನು. ಗುರುವಾರದವರೆಗೆ ನಿನಗೆ ಹೇಳಬೇಡಿ ಎಂದು ಅನ್ವರಿ ಆಪಾಗೆ ಹೇಳಿದ್ದು ನಾನು. ಶುಕ್ರವಾರದವರೆಗೆ ಕಾಯುತ್ತೇವೆ ಎಂದು ಅವರು ಹೇಳಿದ್ದರು. ನಾನು ನಂಬಲಿಲ್ಲ. ನಮ್ಮೂರಿನಲ್ಲಿ ಹಾಗೆ ಕಾಯುವುದಿಲ್ಲ, ಆದ್ದರಿಂದ ಎಲ್ಲೂ ಕಾಯುವುದಿಲ್ಲ ಎಂದುಕೊಂಡೆ. ಸೋಮವಾರವೇ ಹೇಳಿದ್ದರೆ ನೀನು ಬುಧವಾರ ಮನೆಯಲ್ಲಿರುತ್ತಿದ್ದೆ.

ಕಾಲೇಜಿನಲ್ಲಿ ಎಲ್ಲರೂ ಇದನ್ನು ಆಪಾ ಮಾಡಿದರೆಂದು ತಿಳಿದಿದ್ದಾರೆ. ಹಾಗೆ ತಿಳಿಯಲು ಬಿಟ್ಟದ್ದೂ ನಾನೇ.

ಕ್ಷಮಿಸು ಎಂದು ಕೇಳಿದರೆ ನಿನಗೆ ಇನ್ನೊಂದು ಕೆಲಸ ಹಚ್ಚಿದಂತೆ ಆಗುತ್ತದೆ. ಕೇಳುವುದಿಲ್ಲ. ಜುಲೈ ಏಳಕ್ಕೆ ಪರೀಕ್ಷೆ ಶುರು. ನಿನ್ನ ಹೆಸರು ಇನ್ನೂ ಪಟ್ಟಿಯಲ್ಲಿದೆ.

ನಾಗಸೇನ


ಲೇಹ್
೨೮ ಮೇ ೨೦೨೫

ನಾಗಸೇನ ಸರ್,

ಕನ್ನಡದಾಗ ಬರೀತೇನಿ. ತಪ್ಪಿದ್ರ ಜಿಜಾಬಾಯಿ ಕಲಿಸಿದ್ದು.

ನಿಮ್ಮ ಕಾಗದ ಅವ್ವಗ ಓದಿ ಹೇಳ್ದೆ. ಮರುದಿನ ಅವ್ವ, “ಬರ್ತೇನಿ ಅಂತ ಬರಿ” ಅಂದ್ಳು.

ಅಪ್ಪ ಸತ್ತ ಮ್ಯಾಲ ನಾ ಮೂರು ದಿನ ನಕ್ಕೇನಿ. ಪರೀಕ್ಷಾ ಚಲೋ ಬರದೇನಿ. ಆ ಮೂರು ದಿನ ನೀವು ವಾಪಸ್ ಕೊಡಲಾಕ ಆಗೂದಿಲ್ಲ, ನಾನೂ ಕೇಳೂದಿಲ್ಲ. ನನಗ ಈಗ ಸಿಟ್ಟು ಬರೂದಿಲ್ಲ ಸರ್. ಅಳೂನೂ ಬರೂದಿಲ್ಲ. ದಿನಾ ಹೊಲಕ್ಕ ನೀರು ಬಿಡ್ತೇನಿ, ಮನಿಗೆ ಬರ್ತೇನಿ.

ಜುಲೈ ಆರನೇ ತಾರೀಖಿಗೆ ಬರ್ತೇನಿ. ನನ್ನ ಫೋನು ಯಾರ ಟ್ರಂಕಿನಾಗೂ ಇಡೂದಿಲ್ಲ.

ಆಪಾಗೆ ಎರಡು ಮಾತು ಹೇಳ್ರಿ. ನನಗ ಸ್ಕ್ಯೂ ಬ್ಯಾಡ, ಎಲ್ಲಾರಿಗೂ ಮಾಡೂ ರೊಟ್ಟಿ ಬ್ಯಾಳಿ ಸಾಕು. ಇನ್ನೊಂದು. ಯಾವಾಗ್ಲೂ ಅವರು ನನ್ನ ಜೋಡಿ ಊಟಕ್ಕ ಕೂಡತಿದ್ರು. ಆ ಮೂರು ದಿನ ಬಡಿಸಿ ಎದ್ದು ಹೋಗತಿದ್ರು. ನನಗ ಅವಾಗ್ಲೇ ತಿಳೀಬೇಕಿತ್ತು. ಈ ಸಲ ಎದ್ದು ಹೋಗಬಾರದು ಅಂತ ಹೇಳ್ರಿ.

ಡೋಲ್ಕರ್


ಜಾವಕ ಸಂಖ್ಯೆ: ಔರಾದ/೧/೨೦೨೫
ಔರಾದ
೧೬ ಜೂನ್ ೨೦೨೫

ಆಪಾ ಅವರಿಗೆ ಸಲಾಂ.

ವಿಳಾಸ ಬದಲಾಗಿರುವುದನ್ನು ಗಮನಿಸಿ. ನನ್ನ ಎರಡನೆಯ ವರದಿಯನ್ನು ಮೆಚ್ಚಿದ ಆಡಳಿತ ಮಂಡಳಿ ನನ್ನನ್ನು ಸಮಿತಿಯಿಂದ ತೆಗೆದು ಔರಾದದ ಪ್ರವೇಶ ಮಾಹಿತಿ ಕೇಂದ್ರದ ಮುಖ್ಯಸ್ಥನನ್ನಾಗಿ ಮಾಡಿದೆ. ಕೇಂದ್ರವೆಂದರೆ ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆ, ಒಂದು ಕುರ್ಚಿ, ಒಂದು ಫ್ಯಾನು. ಸಿಬ್ಬಂದಿ ನಾನೊಬ್ಬನೇ, ಆದ್ದರಿಂದ ಸಭೆಗಳಲ್ಲಿ ಭಿನ್ನಮತ ಇಲ್ಲ. ಮಧ್ಯಾಹ್ನ ಅವ್ವ ಬುತ್ತಿ ತಂದು, ಇದೇನು ಆಫೀಸೋ ಜೈಲೋ ಎಂದು ಕೇಳಿ ಹೋಗುತ್ತಾಳೆ.

ಹಳೆಯ ವರದಿಯ ಸಾಲನ್ನು ಹೊಡೆದುಹಾಕಿದ್ದಾರೆ. ನೀವು ತಿರುಗಿ ಬರಬೇಕೆಂದು ಪ್ರಿನ್ಸಿಪಾಲರ ಪತ್ರ ಬೇರೆಯಾಗಿ ಬರುತ್ತದೆ. ಡೋಲ್ಕರಳ ಪತ್ರ ಇದರೊಳಗಿದೆ. ಅದನ್ನು ಓದಿ. ನನ್ನದನ್ನು ಓದದಿದ್ದರೂ ನಡೆಯುತ್ತದೆ.

ನಾಗಸೇನ


ಹಾಸ್ಟೆಲ್, ಬೀದರ
೯ ಜುಲೈ ೨೦೨೫

ನಾಗಸೇನ ಭಾಯಿಗೆ ಅನ್ವರಿ ಆಪಾ ಮಾಡುವ ಸಲಾಂ.

ನಾ ಒಂದನೇ ತಾರೀಖಿಗೇ ಬಂದೇನಿ. ಕುರ್ಚಿ ಒರಸಿ ಇಟ್ಟಿದ್ರು. ಟ್ರಂಕ್ ಲಾಲ ಅಹ್ಮದನಿಗೆ ಕೊಟ್ಟೇನಿ, ಅದರಾಗ ಗೋಧಿ ಹಾಕ್ಯಾನ.

ಕೆಂಪು ಪುಸ್ತಕದಾಗ ಒಬ್ಬೊಬ್ಬರ ಹಾಳಿ ಕೆಳಗ ಈಗ ಇನ್ನೊಂದು ಸವಾಲ್ ಬರಸ್ತೇನಿ. ಮನಿಯಿಂದ ಕೆಟ್ಟ ಸುದ್ದಿ ಬಂದ್ರ ನಿನಗ ಯಾವಾಗ ಹೇಳಬೇಕು? ಇದಕ್ಕ ತಾಯಿಗೆ ಕೇಳೂದಿಲ್ಲ. ಹುಡುಗಿಗೇ ಕೇಳೂದು, ಆಕಿನೇ ಬರೀಬೇಕು. ಕೇರಳದಾಕಿ ಮೊದಲು ಗೆಳತಿನ ಕರೀರಿ, ಆಮ್ಯಾಲ ಹೇಳ್ರಿ ಅಂತ ಬರದಾಳ. ಲಿಂಥೋಯ್ ಚಹಾ ಕುಡದ ಮ್ಯಾಲ ಅಂದಾಳ. ಒಬ್ಬಾಕಿ ಪೇಪರ್ ಮುಗದ ಮ್ಯಾಲೇ ಅಂತ ಬರದಾಳ, ನಿಮಗ ಒಬ್ಬಾಕಿ ಸಿಕ್ಕಳು ನೋಡ್ರಿ. ಡೋಲ್ಕರ್ ಒಂದೇ ಮಾತು ಬರದು ಪೆನ್ನು ಮುಚ್ಚಿದ್ಳು. ಕೂಡ್ಲೇ.

ಆರನೇ ತಾರೀಖಿಗೆ ಮಧ್ಯಾಹ್ನ ಬಂದ್ಳು. ಸೊರಗ್ಯಾಳ. ಕೂದಲ ಸಣ್ಣ ಮಾಡ್ಯಾಳ. ನನ್ನ ನೋಡಿ ನಿಂತ್ಳು, ನಾನೂ ನಿಂತೆ. ಜಿಜಾಬಾಯಿನೇ ನಡುವ ಬಂದು ತಾಟ ಇಟ್ಟು, “ಎಷ್ಟ ಹೊತ್ತು ನಿಂದರ್ತೀರಿ, ರೊಟ್ಟಿ ಕಡಕ್ ಆಗ್ತಾವ” ಅಂದ್ಳು. ಕುಂತೇವಿ. ನಾ ಏಳಲಿಲ್ಲ. ಅರ್ಧ ಊಟದಾಗ ಫೋನ್ ಬಂತು, ಆಕಿ ಅವ್ವಂದು. ತಾಟಿನ ಮುಂದೇ ಮಾತಾಡಿದ್ಳು, ಅವರ ಭಾಷಾದಾಗ. ಏನಂದ್ಳು ನನಗ ತಿಳೀಲಿಲ್ಲ, ನಡುವ ಆಪಾ ಅನ್ನೂದು ಒಂದು ಸಲ ಕೇಳಿಸ್ತು.

ಆಕಿ ಎರಡು ರೊಟ್ಟಿ ಉಂಡ್ಳು, ನಾ ಒಂದು.

ಬ್ಯಾಳಿಗೆ ಉಪ್ಪು ಕಮ್ಮಿ ಬಿದ್ದಿತ್ತು. ಜಿಜಾಬಾಯಿಗೆ ಹೇಳೇನಿ.

ಅನ್ವರಿ